ಆಯಿಯ ಬಲಗಾಲು

ಕಳೆದ ವಾರ ನಮ್ಮ ಓಣಿಯಲ್ಲಿ ಒಳಚರಂಡಿಯ ಪೈಪು ಹಾಕಲು ರಸ್ತೆ ಅಗೆದರು. ಮೇಲಿನ ಡಾಂಬರು, ಜಲ್ಲಿ, ಅದರ ಕೆಳಗಿನ ಮುರುಮು ಎಲ್ಲ ತೆಗೆದು ಆಳೆತ್ತರ ಇಳಿದ ಮೇಲೆ ಕರಿಮಣ್ಣು ಸಿಕ್ಕಿತು. ನಾನು ಕ್ಲಿನಿಕ್ಕಿನ ಕಿಟಕಿ ತೆರೆದಿಟ್ಟು ಕೂತಿದ್ದೆ. ವಾಸನೆ ಒಳಗೆ ಬಂತು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಗೊತ್ತು, ಎಲ್ಲರಿಗೂ ಇಷ್ಟ. ಬಿಸಿಲನ್ನೇ ಕಾಣದ ಮಣ್ಣಿನ ವಾಸನೆ ಬೇರೆ. ತಣ್ಣಗೆ, ಸ್ವಲ್ಪ ಹುಳಿಹುಳಿ, ಬಹಳ ದಿನ ಮುಚ್ಚಿಟ್ಟ ಗಡಿಗೆಯ ಬಾಯಿ ತೆರೆದ ಹಾಗೆ... ನಾನು ಎದ್ದು ಕಿಟಕಿ ಮುಚ್ಚಿದೆ. ಎದುರಿಗೆ ಕೂತಿದ್ದ ಪೇಶಂಟು, "ಹೌದ್ರಿ, ಭಾಳ ಧೂಳ ಬರಾಕತ್ತದ" ಅಂದರು. ನಾನು ಸುಮ್ಮನೆ ತಲೆಯಾಡಿಸಿದೆ.

ಆ ವಾಸನೆಯನ್ನು ಅದಕ್ಕೂ ಮೊದಲು ಒಂದೇ ಕಡೆ ಮೂಸಿದ್ದೆ. ಆಳಂದದ ಕಡೆಯ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಒಂದು ತೊಗರಿ ಹೊಲದಲ್ಲಿ, ನೆಲದ ಕೆಳಗೆ, ಒಬ್ಬ ಮುದುಕಿಯ ಎದುರು ಕೂತು.

ಆಗ ನಾನು ಕಲಬುರಗಿಯ ಒಂದು ಎಲುಬಿನ ದವಾಖಾನೆಯಲ್ಲಿ ಫಿಸಿಯೋಥೆರಪಿ ಕೆಲಸಕ್ಕಿದ್ದೆ. ಮೊಣಕಾಲು, ಸೊಂಟ ಬದಲಿ ಮಾಡಿಸಿಕೊಂಡವರು ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದರೆ ಹೋದಂತೆಯೇ. ಆರಾಮಾದವರಿಗೆ ಮತ್ತೆ ಬರುವ ಗರಜು ಇರುವುದಿಲ್ಲ, ಆರಾಮಾಗದವರು ಸಿಟ್ಟಿನಿಂದ ಬೇರೆ ಕಡೆ ಹೋಗುತ್ತಾರೆ. ಯಾರ ಕಾಲು ಏನಾಯಿತು ಅನ್ನುವುದು ಆಪರೇಶನ್ ಮಾಡಿದವರಿಗೇ ತಿಳಿಯುವುದಿಲ್ಲ. ನಮ್ಮ ಸರ್ಜನ್ ಸಾಹೇಬರಿಗೆ ಅದು ತಿಳಿಯಬೇಕೆನಿಸಿತು. ಮನೆಮನೆಗೆ ಹೋಗಿ ಕೇಳಿ ಬರಲು ನನ್ನನ್ನು ನೇಮಿಸಿದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕು ನನ್ನ ಪಾಲಿಗೆ ಬಂದವು. ಜೇವರ್ಗಿ ನನ್ನ ತವರು, ಆದ್ದರಿಂದ ಬಸ್ಸು, ದಾರಿ, ಮಾತು ಯಾವುದೂ ಹೊಸದಲ್ಲ. ಆಪರೇಶನ್ ಆಗಿ ಒಂದೂವರೆ ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಹೀಗೆ ಒಬ್ಬೊಬ್ಬರ ಮನೆಗೂ ನಾಲ್ಕು ಸಲ ಹೋಗಬೇಕು. ನೋವು ಎಷ್ಟಿದೆ, ನಿದ್ದೆ ಬರುತ್ತದೆಯೇ, ಮೆಟ್ಟಿಲು ಹತ್ತಿ ಇಳಿಯಲು ಕಷ್ಟವೇ ಎಂದು ಕೇಳಬೇಕು. ಆಮೇಲೆ ಎರಡು ಪಟ್ಟಿಗಳನ್ನು ಮೊಳೆ ಹೊಡೆದು ಜೋಡಿಸಿದ ಅಳತೆಗೋಲಿನಿಂದ ಮೊಣಕಾಲು ಎಷ್ಟು ಬಾಗುತ್ತದೆಂದು ನೋಡಬೇಕು.

ಪ್ರಶ್ನೆಗಳು ದೂರದ ಯಾವುದೋ ದೇಶದಲ್ಲಿ ತಯಾರಾದವು. ಕಾರಿನಿಂದ ಇಳಿಯಲು ತ್ರಾಸಾಗುತ್ತದೆಯೇ ಎಂದು ಭೀಮಾ ನದಿಯ ದಂಡೆಯ ಸೊನ್ನ ಎಂಬ ಊರಿನ ಮೀನುಗಾರನೊಬ್ಬನಿಗೆ ಕೇಳಿದ್ದೆ. "ಕಾರ್ ಬಿಡ್ರಿ ಅಕ್ಕಾರ, ತೆಪ್ಪದಾಗಿಂದ ಇಳ್ಯೋದ ಬರಕೊಳ್ರಿ" ಅಂದಿದ್ದ. ನಕ್ಕು ಅದನ್ನೇ ಬರೆದುಕೊಂಡಿದ್ದೆ. ಹಾಗೆ ನಗುತ್ತಲೇ ಆ ಕೆಲಸ ನಡೆದಿತ್ತು, ಆಯಿಯ ಮನೆಗೆ ಹೋಗುವ ತನಕ.

ಅವಳನ್ನು ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಎತ್ತರದ ಹೆಂಗಸು. ವಯಸ್ಸಿಗೆ ಬಾಗಿರಲಿಲ್ಲ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಇಳಕಲ್ ಸೀರೆಯ ಸೆರಗು ಸದಾ ತಲೆಯ ಮೇಲೆ. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಗ ಮತ್ತು ಸೊಸೆ ಹೊಲಮನೆ ನೋಡಿಕೊಂಡಿದ್ದರು. ಮೊಣಕಾಲು ಎರಡೂ ಸವೆದು, ಗೋಡೆ ಹಿಡಿದು ನಡೆಯುವ ಗತಿ ಬಂದಾಗ ಮಗನೇ ಹಟ ಮಾಡಿ ಕರೆತಂದು ಆಪರೇಶನ್ ಮಾಡಿಸಿದ್ದ.

ಮೊದಲ ಸಲ ಹೋದಾಗ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು, ಬೇರೆಯವರ ಮನೆಗೆ ಬಂದವಳ ಹಾಗೆ. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ. ನಾನು ಕೇಳಿದ್ದಕ್ಕೆಲ್ಲ ಆಯಿ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ನೋವಿಲ್ಲ. ನಿದ್ದೆ ಬರ್ತದ. ಊರ ಅಗಸಿತನಕ ಒಬ್ಬಾಕಿನೇ ಹೋಗಿ ಬರ್ತೇನಿ. ಮೆಟ್ಟಿಲಿನ ಪ್ರಶ್ನೆಗೆ ಮಾತ್ರ, "ಯಾವ ಮೆಟ್ಟಿಲಾ?" ಅಂದಳು. ಅವರದು ಒಂದೇ ಅಂತಸ್ತಿನ ಮನೆ, ಹೊಸ್ತಿಲು ಬಿಟ್ಟರೆ ಹತ್ತುವಂಥದ್ದು ಏನೂ ಇರಲಿಲ್ಲ. ಲೆಕ್ಕದ ಪ್ರಕಾರ ನಾನು ನೋಡಿದವರಲ್ಲೇ ಒಳ್ಳೆಯ ಫಲ ಅವಳದು. ಕಡೆಗೆ, ಆಪರೇಶನ್ ಮಾಡಿಸಿದ್ದು ಸಮಾಧಾನ ತಂದಿದೆಯೇ ಎಂದು ಕೇಳಿದೆ.

ಆಯಿ ಎರಡೂ ಅಂಗೈಯನ್ನು ಮೊಣಕಾಲುಗಳ ಮೇಲೆ ಇಟ್ಟುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಈ ಕಬ್ಬಿಣ ಸತ್ತ ಮ್ಯಾಲೂ ಮಡಚ್ತದೇನ್ ಬೇ?"

ಚೇಷ್ಟೆ ಮಾಡುತ್ತಿದ್ದಾಳೆಂದು ನಕ್ಕೆ. ಅವಳು ನಗಲಿಲ್ಲ.

"ಅದರ ಚಿಂತಿ ಈಗ್ಯಾಕ ಆಯಿ?" ಅಂದೆ.

"ಮತ್ತ ಯಾವಾಗ ಮಾಡ್ಲಿ?"

ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು. ಸೊಸೆ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

ಲಿಂಗ ಕಟ್ಟುವ ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ, ಲಿಂಗಪೂಜೆಗೆ ಕೂತ ಹಾಗೆ ಕೂರಿಸಿ, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಡುತ್ತಾರೆ. ಉಸಿರು ಹೋದ ಮೇಲೆ ದೇಹ ಬಿಗಿಯುವ ಮೊದಲೇ ಜಲ್ದಿ ಕೂರಿಸಿಬಿಡಬೇಕು. ಇದು ನನಗೂ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆದರೆ ಅದನ್ನು ನಾನು ಎಂದೂ ನನ್ನ ಕೆಲಸದ ಜೊತೆ ಸೇರಿಸಿ ಯೋಚಿಸಿರಲಿಲ್ಲ. ಹೊಸ ಮೊಣಕಾಲು ಕೂಡಿಸಿಕೊಂಡವರಿಗೆ ನೆಲದ ಮೇಲೆ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ ಎಂದು ನಾವೇ ಹೇಳಿ ಕಳಿಸುತ್ತಿದ್ದೆವು. ಆಯಿ ತಿಳಿದಿದ್ದು ಬೇರೆ. ಹೊಸದು ಹಾಕಿದ ಮೇಲೆ ಹುಡುಗಿಯ ಕಾಲಿನ ಹಾಗೆ ಮಡಚುತ್ತದೆ ಅಂದುಕೊಂಡೇ ಅವಳು ದವಾಖಾನೆಯ ಮಂಚ ಹತ್ತಿದ್ದಳು.

ಎರಡನೆಯ ಸಲ ಹೋದದ್ದು ಬೇಸಿಗೆ ಏರುತ್ತಿದ್ದಾಗ. ನಡು ಮಧ್ಯಾಹ್ನ. ಮನೆಯಲ್ಲಿ ಸೊಸೆಯೊಬ್ಬಳೇ ಇದ್ದಳು. ಆಯಿ ಎಲ್ಲಿ ಎಂದು ಕೇಳಿದರೆ ತಲೆಯೆತ್ತದೆ, "ಹೊಲದಾಗ ಇದ್ದಾರ್ರಿ ಅಕ್ಕಾರ, ನೀವೇ ಹೋಗಿ ನೋಡ್ರಿ. ನಾ ಬರಂಗಿಲ್ಲ" ಅಂದಳು. ಯಾಕೆಂದು ಕೇಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟಳು.

ಹೊಲ ಊರಿಗೆ ಹತ್ತಿರವೇ ಇತ್ತು. ತೊಗರಿ ಕಟಾವಾಗಿ, ಕೂಳೆಗಳು ಮಾತ್ರ ನಿಂತಿದ್ದವು. ನೆಲ ಬಿಸಿಲಿಗೆ ಬಾಯಿಬಿಟ್ಟು ಕೈ ಹಿಡಿಸುವಷ್ಟು ಬಿರುಕು. ಬದುವಿನ ಹತ್ತಿರ ಒಂದು ಬೇವಿನ ಮರ, ಅದರ ಕೆಳಗೆ ಆಯಿಯ ಗಂಡನ ಗದ್ದುಗೆ, ಸುಣ್ಣ ಬಳಿದ ಸಣ್ಣ ಕಟ್ಟೆ. ಸುತ್ತ ಕಣ್ಣು ಹಾಯುವ ತನಕ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಳಿ ಸಹ ನಿಂತಿತ್ತು. ನಾನು, "ಆಯೀ" ಎಂದು ಕೂಗಿದೆ.

"ಬಾ ಯವ್ವಾ. ಇಲ್ಲೇ ಅದೀನಿ."

ದನಿ ನನ್ನ ಕಾಲ ಬುಡದಿಂದ ಬಂತು.

ಗದ್ದುಗೆಯ ಮಗ್ಗುಲಲ್ಲಿ ಒಂದು ಕುಣಿ ತೋಡಲಾಗಿತ್ತು. ಒಂದು ಬದಿಗೆ ಮಣ್ಣಿನಲ್ಲೇ ಕಡಿದ ಮೆಟ್ಟಿಲು, ಎದುರಿನ ಗೋಡೆಯಲ್ಲಿ ಗೂಡು. ಆ ಗೂಡಿನೊಳಗೆ, ಮಣ್ಣಿಗೆ ಬೆನ್ನು ಕೊಟ್ಟು ಆಯಿ ಕೂತಿದ್ದಳು. ಮೇಲಿನ ಬಿಸಿಲಿನಿಂದ ನೋಡಿದರೆ ಮುಖ ಕಾಣುತ್ತಿರಲಿಲ್ಲ, ಹಣೆಯ ವಿಭೂತಿ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ಇಳಿ. ಅಳೀಬೇಕಂತಲ್ಲ, ಇಲ್ಲೇ ಅಳಿ" ಅಂದಳು, ಪಡಸಾಲೆಯಲ್ಲಿ ಕೂತು ಚಹಾ ಕುಡಿಯಲು ಕರೆದಷ್ಟು ಸಹಜವಾಗಿ.

ಯಾಕೆ ಇಳಿದೆನೋ ಈಗಲೂ ತಿಳಿಯದು. ಮುದುಕಿಯನ್ನು ಅಲ್ಲಿ ಒಬ್ಬಳೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಅನ್ನಬೇಕು. ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋದದ್ದೇ ತಡ, ಹೊರಗಿನ ಸಪ್ಪಳವೆಲ್ಲ ಕತ್ತರಿಸಿದ ಹಾಗೆ ನಿಂತುಹೋಯಿತು. ತಂಪು. ಆ ವಾಸನೆ... ಅವಳ ಎದುರು ಮೊಣಕಾಲೂರಿ ಕೂತು ಅಳತೆಗೋಲು ತೆಗೆದೆ. ಎಡಗಾಲು ಚೆನ್ನಾಗಿ ಬಾಗುತ್ತಿತ್ತು. ಬಲಗಾಲು ಹಿಂದುಳಿದಿತ್ತು, ಆದರೆ ಹೋದ ಸಲಕ್ಕಿಂತ ಎಷ್ಟೋ ಮೇಲು. ನಂಬಿಕೆಯಾಗದೆ ಮತ್ತೊಮ್ಮೆ ಅಳೆದೆ.

ಆಮೇಲೆ ಅವಳನ್ನು ಮೇಲೆ ಕರೆದುಕೊಂಡು ಬಂದು ಬೇವಿನ ನೆರಳಲ್ಲಿ ಕೂರಿಸಿ ಇನ್ನೊಮ್ಮೆ ಅಳೆದಾಗ ಬಲಗಾಲು ಅಷ್ಟು ಬಾಗಲಿಲ್ಲ. "ಮ್ಯಾಲ ಬಂದ್ರ ಬಿಗೀತದ" ಅಂದಳು ಆಯಿ, ತನಗೆ ಮೊದಲೇ ಗೊತ್ತಿದ್ದವಳ ಹಾಗೆ. ತಂಪಿಗೆ ಬಾವು ಇಳಿದಿರಬೇಕು, ಬೆನ್ನಿಗೆ ಆಸರೆ ಇದ್ದದ್ದರಿಂದ ಹೆದರಿಕೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಆಗುವುದುಂಟು. ಮೆಟ್ಟಿಲು ಹತ್ತಿ ಇಳಿಯಲು ಕಷ್ಟವಿಲ್ಲ ಎಂಬುದಕ್ಕೆ ಆ ದಿನ ಗುರುತು ಹಾಕಿಕೊಂಡೆ. ಅವಳು ಹತ್ತಿದ್ದು ಯಾವ ಮೆಟ್ಟಿಲು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಅಂದು ಮರದ ಕೆಳಗೆ ಆಯಿ ತನ್ನ ಗಂಡನ ಸಾವಿನ ಸಂಗತಿ ಹೇಳಿದಳು. ಸೊಲ್ಲಾಪುರದ ದವಾಖಾನೆಯಲ್ಲಿ ತೀರಿಕೊಂಡಿದ್ದರಂತೆ. ದಾರಿಯಲ್ಲಿ ಗಾಡಿ ಕೆಟ್ಟು, ಊರು ಮುಟ್ಟುವ ಹೊತ್ತಿಗೆ ದೇಹ ಸೆಟೆದು ಹೋಗಿತ್ತು.

"ಹಲಗಿ ಹಂಗ ಆಗಿದ್ರು. ಇಬ್ಬರು ಹೆಗಲ ಹಿಡದ್ರು, ಒಬ್ಬಾಂವ ತೊಡಿ ಮ್ಯಾಲ ಕುಂತ. ನಾ ಒಳಗ ಖೋಲ್ಯಾಗ ಇದ್ದೆ. ಸಪ್ಪಳ ಕೇಳ್ತು."

ನಾನು ಅಳತೆಗೋಲು ಮಡಚಿ ಚೀಲದಲ್ಲಿಟ್ಟೆ.

"ತೊಡಿ ಮ್ಯಾಲ ಕುಂತಾಂವ ನನ್ನ ಮಗ" ಅಂದಳು. "ಹಿರ್ಯಾರು ಕುಂಡ್ರಂದ್ರು, ಕುಂತ. ಆವತ್ತಿನಿಂದ ಅಂವ ಮಾತ ಕಡಿಮಿ ಮಾಡ್ಯಾನ. ನನ್ನ ಪಾಳಿ ಬಂದಾಗ ಅಂವಗ ಮತ್ತ ಆ ಕೆಲಸ ಹಚ್ಚಬಾರ್ದು. ಅದಕ್ಕ ಮೊದಲ ನಾನೇ ಕಾಲಿಗಿ ರೂಢಿ ಮಾಡಾಕತ್ತೇನಿ."

ಆಗ ಕುಣಿಯ ಕಡೆಯಿಂದ ಟಕ್ ಎಂದು ಒಂದು ಸಪ್ಪಳ ಬಂತು. ಒಣ ಕಟ್ಟಿಗೆ ಮುರಿದಂಥದ್ದು. ಸ್ವಲ್ಪ ತಡೆದು ಇನ್ನೊಂದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವಾಗ ಸಪ್ಪಳ ಬರುತ್ತದೆ, ಹಳ್ಳಿಯಲ್ಲಿ ಬೆಳೆದವರಿಗೆ ಅದೇನು ಹೊಸದಲ್ಲ. ಆದರೆ ಆಯಿ ತಲೆ ವಾರೆ ಮಾಡಿ ಗದ್ದುಗೆಯ ಕಡೆ ನೋಡಿದಳು, ಒಳಮನೆಯಿಂದ ಯಾರೋ ಕರೆದರೆ ತಿರುಗಿ ನೋಡುವ ಹಾಗೆ.

ಸಂಜೆ ಬಸ್ಸಿಗೆ ನಿಂತಾಗ ಆಯಿಯ ಮಗ ಬಂದ. ನಲವತ್ತು ದಾಟಿದ, ಗಟ್ಟಿ ಮೈಕಟ್ಟಿನ ಗಂಡಸು. ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ.

"ನೀವರೆ ತಿಳಿಸಿ ಹೇಳ್ರಿ ಅಕ್ಕಾರ" ಅಂದ. "ಆಳ ಹಚ್ಚಿ ತಾನೇ ತೋಡಿಸ್ಯಾಳ. ತೋಡಿದ ಕುಣಿ ಖಾಲಿ ಬಿಡಬಾರ್ದಂತ ಊರಾಗ ಅಂತಾರ. ಖಾಲಿ ಬಿಟ್ರ ಅದು ಯಾರನ್ನರೆ ಬೇಡ್ತದಂತ. ನನ್ನ ಹೇಣ್ತಿ ಆ ಹೊಲಕ್ಕ ಕಾಲಿಡವಲ್ಲಳು."

ಮರುದಿನ ಫೋನಿನಲ್ಲಿ ಆಯಿಗೆ ಹೇಳಿ ನೋಡಿದೆ. "ಬೇಡಿದ್ರ ನನ್ನ ಬೇಡ್ತದ ತಗೋ" ಅಂದು ಬೇರೆ ಮಾತಿಗೆ ಹೋದಳು.

ಮೂರನೆಯ ಸಲ ಹೋದದ್ದು ಜಿಟಿಜಿಟಿ ಮಳೆಯಲ್ಲಿ. ಕುಣಿಗೆ ತಗಡು ಮುಚ್ಚಿದ್ದರು, ಆದರೂ ಒಳಗೆ ನೀರು ನಿಂತಿತ್ತು. ಆಯಿ ಪಡಸಾಲೆಯಲ್ಲಿ ಕುರ್ಚಿಯ ಮೇಲಿದ್ದಳು. ಸೊರಗಿದ್ದಳು. ಕಾಲಿನಲ್ಲಿ ಮಾತ್ರ ಬಲ ಬಂದಿತ್ತು, ನಡಿಗೆ ಯಾವ ಹುಡುಗಿಗೂ ಕಡಿಮೆಯಿರಲಿಲ್ಲ. ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ನನ್ನ ಕೈ ಹಿಡಿದು ತನ್ನ ಬಲ ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಸುಮ್ ಇರು. ಕೇಳು."

ಕಾಲನ್ನು ಮೆಲ್ಲಗೆ ಬಾಗಿಸಿದಳು. ನನ್ನ ಅಂಗೈಯ ಕೆಳಗೆ ಟಕ್ ಅಂತು.

ಲೋಹ ಮತ್ತು ಪ್ಲಾಸ್ಟಿಕ್ ಒಂದಕ್ಕೊಂದು ತಾಗಿದಾಗ ಹಾಗಾಗುತ್ತದೆ, ಹೊಸ ಕೀಲು ಹಾಕಿಸಿಕೊಂಡ ಬಹಳ ಜನರಿಗೆ ಇರುತ್ತದೆ, ಅದರಿಂದ ಏನೂ ಕೆಡುಕಿಲ್ಲ ಎಂದು ತಿಳಿಸಿ ಹೇಳಿದೆ. ನಿಜವನ್ನೇ ಹೇಳಿದ್ದೆ. ಆಯಿ ಪೂರಾ ಕೇಳಿಸಿಕೊಂಡಳು.

"ಅದೇ ಸಪ್ಪಳ ಯವ್ವಾ" ಅಂದಳು. "ಆವತ್ತ ಖೋಲ್ಯಾಗ ಕೇಳಿದ್ದು ಇದೇ. ಅವರ ಕಾಲಾಗ ಕಬ್ಬಿಣ ಎಲ್ಲಿತ್ತು?"

ಹೊರಗೆ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಅವಳ ಕೈ ನನ್ನ ಕೈಯ ಮೇಲಿತ್ತು, ನಾನು ಎಳೆದುಕೊಳ್ಳಲಿಲ್ಲ.

ವರ್ಷದ ಭೇಟಿ ತೊಗರಿ ರಾಶಿಯ ಸುಗ್ಗಿಯಲ್ಲಿ ಬರಬೇಕಿತ್ತು. ಆ ವಾರ ಬೇರೊಬ್ಬ ಪೇಶಂಟನ್ನು ನೋಡಲು ಆಳಂದಕ್ಕೆ ಹೋಗಿದ್ದೆ. ಬೆಳಿಗ್ಗೆ ಬಸ್ಸಿಳಿದು ನಿಂತಿದ್ದೇನೆ, ಆಯಿಯ ಮಗನ ಫೋನು ಬಂತು. ನಸುಕಿನಲ್ಲಿ ಆಯಿ ಮಲಗಿದಲ್ಲೇ ಹೋಗಿದ್ದಳು.

"ಕಾಲ ಹ್ಯಾಂಗ ಹಿಡೀಬೇಕೋ ತಿಳಿವಲ್ದ್ರಿ ಅಕ್ಕಾರ. ಒಳಗ ಕಬ್ಬಿಣ ಅದ. ಯಾರೂ ಮುಟ್ಟವಲ್ರು. ನೀವು ಜರಾ ಬರ್ರಿ."

ಸಿಕ್ಕ ಆಟೋ ಹಿಡಿದು ಹೋದೆ. ಥಂಡಿಯ ದಿನ. ಅಂಗಳದ ತುಂಬ ಜನ, ಆದರೆ ಗದ್ದಲವಿರಲಿಲ್ಲ. ಆಯಿಯನ್ನು ಇನ್ನೂ ಮಲಗಿಸಿದಂತೆಯೇ ಇಟ್ಟಿದ್ದರು, ಕಾಲು ಎರಡೂ ನೆಟ್ಟಗೆ ಚಾಚಿದ್ದವು. ಮುಟ್ಟಿದಾಗ ಮೈ ಬಿಗಿಯಲು ಶುರುವಾಗಿತ್ತು. ಅವಳ ಮೊಣಕಾಲನ್ನು ನಾನು ಎಷ್ಟೋ ಸಲ ಹಿಡಿದಿದ್ದೆ. ಹಿಡಿದಾಗಲೆಲ್ಲ ಅವಳು ಏನಾದರೂ ಅನ್ನುತ್ತಿದ್ದಳು. ಎಡಗಾಲಿನ ಹಿಮ್ಮಡಿ ಹಿಡಿದು, ತೊಡೆಗೆ ಕೈ ಕೊಟ್ಟು ನಿಧಾನ ಬಾಗಿಸಿದೆ. ಬಾಗಿತು. ಮಡಚಿ ಕೂತಿತು. ಸಪ್ಪಳ ಬರಲಿಲ್ಲ. ಬಲಗಾಲು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಪ್ರಯತ್ನಿಸಿದೆ. ಕೈಬಿಟ್ಟರೆ ಮೊದಲಿನಂತೆ ಚಾಚಿಕೊಳ್ಳುತ್ತಿತ್ತು, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ.

ಹಿರಿಯರೊಬ್ಬರು ಮುಂದೆ ಬಂದು, "ಹೊತ್ತಾದಷ್ಟು ಗಟ್ಟಿ ಆಗ್ತದ. ಒಬ್ಬರು ತೊಡಿ ಮ್ಯಾಲ ಕುಂಡ್ರಬೇಕು" ಅಂದು ಆಯಿಯ ಮಗನ ಕಡೆ ನೋಡಿದರು. ಅವನು ಎದ್ದು ನಿಂತ. ಅಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಒಂದು ಹೆಜ್ಜೆ ಮುಂದೆ ಇಟ್ಟ, ಆಮೇಲೆ ತಿರುಗಿ ಅಂಗಳ ದಾಟಿ ದನದ ಕೊಟ್ಟಿಗೆಯ ಕಡೆ ಹೋಗಿಬಿಟ್ಟ. ಅಲ್ಲಿ ವಾಂತಿ ಮಾಡಿಕೊಂಡ ಸಪ್ಪಳ ಕೇಳಿಸಿತು.

ಅಷ್ಟರಲ್ಲಿ ಕ್ರಿಯೆ ಮಾಡಿಸುವ ಅಯ್ಯನವರು ಬಂದರು. ಮುಪ್ಪಿನವರು, ಕಣ್ಣು ಮಂಜಾಗಿತ್ತು. ಸಂಗತಿ ಕೇಳಿಕೊಂಡು, ಆಯಿಯ ಚಾಚಿದ ಪಾದ ಮುಟ್ಟಿ ನೋಡಿ, "ಇದಕ್ಯಾಕ ಇಷ್ಟ ಹೈರಾಣ ಆಗೀರಿ?" ಅಂದರು. "ಕಾಲ ಒತ್ತಬ್ಯಾಡ್ರಿ. ಗೂಡಿನಾಗ ಕಾಲಿಗಿ ಜಾಗ ಮಾಡ್ರಿ. ಮುರಿಯೋದಾದ್ರ ಮಣ್ಣ ಮುರೀರಿ, ಎಲುಬ ಯಾಕ ಮುರೀತೀರಿ? ಆಕಿ ಕುಂತ್ರ ಸಾಕು. ಒಂದ್ ಕಾಲ ಚಾಚಿದ್ರ ಶಿವ ಏನ್ ಬ್ಯಾಡ ಅಂತಾನೇನು?"

ಯಾರೋ ಸಲಿಕೆ ತೆಗೆದುಕೊಂಡು ಹೊಲಕ್ಕೆ ಓಡಿದರು. ನಾನು ಅಲ್ಲೇ ಗೋಡೆಗೆ ಒರಗಿದೆ. ಒಂದು ವರ್ಷ... ಒಂದು ವರ್ಷ ಆ ಮುದುಕಿ ಹೆದರಿದ್ದಳು. ಬಿಸಿಲಲ್ಲಿ ಕುಣಿಗೆ ಇಳಿದು ಕಾಲನ್ನು ಹಿಂಸಿಸಿಕೊಂಡಿದ್ದಳು. ಈ ಅಯ್ಯನವರ ಮನೆ ಅದೇ ಊರಲ್ಲಿ, ಎರಡು ಓಣಿ ಆಚೆ ಇತ್ತು. ಅವಳು ಕೇಳಲಿಲ್ಲ, ನಮಗೆ ಯಾರಿಗೂ ಕೇಳಬೇಕೆಂದು ಹೊಳೆಯಲಿಲ್ಲ. ಬದುಕಿರುವಾಗ ಅವಳ ಕಿವಿಗೆ ಬೀಳಬೇಕಿದ್ದ ಮಾತು, ಕಿವಿ ಕೇಳದಾದ ಮೇಲೆ ಅವಳ ತಲೆದೆಸೆಯಲ್ಲಿ ಬಂತು.

ಹೆಗಲ ಮೇಲೆ ಹೊರುವ, ಹೂವು ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊಲಕ್ಕೆ ಒಯ್ದರು. ಎಡಗಾಲು ಮಡಚಿತ್ತು, ಬಲಗಾಲು ಮುಂದೆ ಚಾಚಿತ್ತು, ಅದರ ಮೇಲೆ ಚೆಂಡುಹೂವಿನ ಮಾಲೆ. ಕುಣಿಯ ಹತ್ತಿರ ಆಯಿಯ ಮಗನಿಗೆ ಕೈಕಾಲು ಆಡಲಿಲ್ಲ. "ಮೊದಲ ನೀವು ಇಳದು ಕಾಲ ಸರಿ ಇಡ್ರಿ ಅಕ್ಕಾರ, ಆಮ್ಯಾಲ ನಾ ಇಳೀತೇನಿ" ಅಂದ. ಹೆಂಗಸು ಇಳಿಯುವುದೇ ಎಂದು ಯಾರೋ ಗೊಣಗಿದರು. ಅಯ್ಯನವರು, "ಇಳಿಯವ್ವ ನೀನು" ಅಂದರು.

ಇಬ್ಬರು ಗಂಡಸರು ಅವಳನ್ನು ಗೂಡಿನೊಳಗೆ ಕೂರಿಸಿ ಮೇಲೆ ಹೋದರು. ನಾನು ಅವಳ ಮಡಚಿದ ಎಡಗಾಲನ್ನು ಸರಿಪಡಿಸಿ, ಹೊಸದಾಗಿ ಕೊರೆದ ತಗ್ಗಿನಲ್ಲಿ ಬಲಗಾಲು ಚಾಚಿ ಇಟ್ಟು, ಸೀರೆ ಎಳೆದು ಪಾದ ಮುಚ್ಚಿದೆ. ಅದೇ ತಂಪು, ಅದೇ ವಾಸನೆ. ಬಲಗಾಲು ಕಟ್ಟಿಗೆಯಷ್ಟು ಬಿಗಿಯಾಗಿತ್ತು. ಇದು ನನಗೆ ಚೆನ್ನಾಗಿ ನೆನಪಿದೆ, ಕಡೆಯ ಸಲ ಎಂದು ಪಾದದ ಮೇಲೆ ಕೈಯಿಟ್ಟಿದ್ದೆ. ಮೆಟ್ಟಿಲು ಹತ್ತಿ ಬಂದು ಜನರ ಹಿಂದೆ ಬೇವಿನ ಮರದ ಹತ್ತಿರ ನಿಂತೆ. ಕಣ್ಣು ತುಂಬಿದ್ದವು.

ಆಮೇಲೆ ಮಗ ಇಳಿದ. ಲಿಂಗವನ್ನು ಅವಳ ಕೈಯಲ್ಲಿಟ್ಟ. ಮೇಲಿನಿಂದ ವಿಭೂತಿ, ಬಿಲ್ವಪತ್ರಿ ಕೊಡುತ್ತಾ ಹೋದರು. ಅಯ್ಯನವರು ಮಂತ್ರ ಹೇಳುತ್ತಿದ್ದರು. ಅವನು ಹತ್ತಿ ಬಂದ ಮೇಲೆ ಒಬ್ಬೊಬ್ಬರಾಗಿ ಮುಂದೆ ಹೋಗಿ ಪತ್ರಿ ಹಾಕಿ, ಕೈಮುಗಿದು ಬಂದರು. ನಾನೂ ಹೋಗಿ ಬಗ್ಗಿ ನೋಡಿದೆ.

ಆಯಿಯ ಎರಡೂ ಕಾಲು ಮಡಚಿದ್ದವು. ದಿನಾ ಬೆಳಿಗ್ಗೆ ಪೂಜೆಗೆ ಕೂರುವವರ ಹಾಗೆ ಮೊಣಕಾಲು ಎರಡೂ ಕಡೆಗೆ ಸಮನಾಗಿ ಹರಡಿ, ನೆಟ್ಟಗೆ ಕೂತಿದ್ದಳು. ಬಲಗಾಲಿಗೆಂದು ಕೊರೆದ ತಗ್ಗು ಖಾಲಿಯಿತ್ತು.

ಮಗನ ಕಡೆ ನೋಡಿದೆ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಕೊನೆಗೂ ಧೈರ್ಯ ತಂದುಕೊಂಡು ಮಡಚಿದನಲ್ಲ, ಅದೂ ಸಪ್ಪಳವಾಗದ ಹಾಗೆ, ಎಂದು ಮನಸ್ಸು ತುಂಬಿ ಬಂತು. ಅಪ್ಪನ ಮೇಲೆ ಮಾಡಿದ್ದನ್ನು ತಾಯಿಯ ಮೇಲೆ ಬೇರೆ ರೀತಿಯಲ್ಲಿ ಮಾಡಿ ತೀರಿಸಿಕೊಂಡ ಅಂದುಕೊಂಡೆ. ಮಣ್ಣು ಕೊಟ್ಟು ಊರಿಗೆ ಬಂದೆ. ಆಯಿಯ ವರ್ಷದ ಅಳತೆ ದವಾಖಾನೆಯ ಲೆಕ್ಕದಲ್ಲಿ ಸೇರಲಿಲ್ಲ. ತೀರಿಹೋದವರನ್ನು ಲೆಕ್ಕದಿಂದ ಬಿಡುವುದು ಅಲ್ಲಿನ ಪದ್ಧತಿ. ಮುಂದೆ ಆ ಕೆಲಸ ಬಿಟ್ಟೆ, ನನ್ನದೇ ಸಣ್ಣ ಕ್ಲಿನಿಕ್ಕು ಇಟ್ಟೆ. ಇಷ್ಟು ವರ್ಷ ಆಯಿ ನೆನಪಾದಾಗಲೆಲ್ಲ ಆ ಮಗನ ಕೈ ನೆನಪಾಗುತ್ತಿತ್ತು. ಎಂಥ ಹಗುರ ಕೈಯಪ್ಪ ಅಂತ.

ಓಣಿ ಅಗೆದ ಎರಡು ದಿನಕ್ಕೆ ಅವನೇ ಬಂದ. ಗುರುತು ಹಿಡಿಯಲು ಹೊತ್ತು ಹಿಡಿಯಿತು, ತಲೆ ಬೆಳ್ಳಗಾಗಿತ್ತು. ಅವನಿಗೂ ಮೊಣಕಾಲು ನೋವು ಶುರುವಾಗಿದೆಯಂತೆ. ಮಂಚದ ಮೇಲೆ ಮಲಗಿಸಿ ಕಾಲು ಬಾಗಿಸಿ ನೋಡಿದೆ. ಹೆಂಡತಿ, ಮಕ್ಕಳು, ಈ ಸಲದ ತೊಗರಿ, ಅದೂ ಇದೂ ಮಾತಾಡಿದ. ಮೊದಲಿಗಿಂತ ಮಾತು ಹೆಚ್ಚಾಗಿತ್ತು. ಎದ್ದು ಕೂತವನು ಚಪ್ಪಲಿಯ ಕಡೆ ನೋಡುತ್ತಾ ಅಂದ.

"ಅಕ್ಕಾರ, ಒಂದ್ ಮಾತ ಭಾಳ ದಿನದಿಂದ ಹೇಳಬೇಕಂತಿದ್ದೆ."

"ಹೇಳ್ರಿ."

"ಆವತ್ತ ನನ್ನ ಕೈಲೆ ಆಗದ್ದ ನೀವು ಮಾಡಿದ್ರಿ. ನಾ ಕುಣ್ಯಾಗ ಇಳದಾಗ ಅವ್ವನ ಬಲಗಾಲ ಮಡಚಿ ಇಟ್ಟಿದ್ರಿ. ಪೂಜಿಗಿ ಕುಂತಂಗ ಕುಂತಿದ್ಲು. ಹ್ಯಾಂಗ ಮಾಡಿದ್ರೋ ಏನೋ, ನನಗ ಒಂದ್ ಸಪ್ಪಳ ಕೇಳಲಿಲ್ಲ. ಅದನ್ನ ನೋಡಿದ ಮ್ಯಾಲೇ ನೆಟ್ಟಗ ನಿದ್ದಿ ಹತ್ತಾಕತ್ತದ ನನಗ. ನಿಮ್ಮ ಉಪಕಾರ ಮರಿಯಂಗಿಲ್ರಿ."

ಅವನ ಮುಖ ನೋಡಿದೆ. ಸುಳ್ಳು ಹೇಳುವವನ ಮುಖವಲ್ಲ. ನಾನು ಇಡುವಾಗ ಕಟ್ಟಿಗೆಯಂತಿದ್ದ ಕಾಲು, ಅವನು ಇಳಿಯುವಷ್ಟರಲ್ಲಿ ಮಡಚಿತ್ತು ಅನ್ನುತ್ತಾನೆ. ನಾನು ಹತ್ತಿ ಬಂದದ್ದಕ್ಕೂ ಅವನು ಇಳಿದದ್ದಕ್ಕೂ ನಡುವೆ ಕುಣಿಯಲ್ಲಿ ಆಯಿಯ ಹೊರತು ಯಾರೂ ಇರಲಿಲ್ಲ. ಬಿಗಿದ ಸ್ನಾಯು ದೇಹದ ಭಾರಕ್ಕೆ ಸಡಿಲಾಗಿ ಕಾಲು ಒಳಗೆ ಸರಿದಿರಬಹುದು, ಹೊಸ ಮಣ್ಣು ಕುಸಿದು ತಳ್ಳಿರಬಹುದು. ನನ್ನ ವಿದ್ಯೆ ನನಗೆ ಇಷ್ಟು ಹೇಳಿಕೊಡುತ್ತದೆ. ಹಾಗೆ ಸರಿದ ಕಾಲು ಅಷ್ಟು ಒಪ್ಪವಾಗಿ ಇನ್ನೊಂದು ಕಾಲಿನ ಮೇಲೆ ಹೋಗಿ ಕೂರುವುದನ್ನು ನಾನು ಎಲ್ಲೂ ಓದಿಲ್ಲ.

ನಾನು ಮಡಚಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನಿಗೆ ನಿದ್ದೆ ಬರುತ್ತಿದೆ ಎಂದು ಅವನೇ ಈಗಷ್ಟೇ ಹೇಳಿದ್ದ.

"ಆಕಿ ಕಾಲು ಛಲೋ ಬಾಗತಿತ್ತು" ಅಂದೆ. "ಭಾಳ ರೂಢಿ ಮಾಡಿದ್ಲು."

ಅವನು ಕೈಮುಗಿದು ಹೋದ. ಮುಂದಿನ ಪೇಶಂಟು ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಎರಡು ಸಲ ಕೇಳಿದರಂತೆ. ಇಷ್ಟು ವರ್ಷ ನೆನಪಿನಲ್ಲಿ ಇಟ್ಟುಕೊಂಡಿದ್ದ ಆ ಹಗುರ ಕೈ ಯಾರದೂ ಅಲ್ಲ ಎಂದು ಗೊತ್ತಾದ ಮೇಲೆ ಆಯಿ ಇನ್ನಷ್ಟು ದೂರ ಹೋದಂತಾಗಿದೆ. ಕೇಳಿದರೆ ಹೇಳಬಲ್ಲವಳು ಅವಳೊಬ್ಬಳೇ ಇದ್ದಳು. ಅವಳಿಲ್ಲ.